ಕಡತಕ್ಕೆ ಲಗತ್ತಾದ ಒಂದು ಜೊತೆ ಬೂಟು

ನೆಲದಡಿ ವಿಷವಿದೆಯೇ ಇಲ್ಲವೇ ಎಂದು ತಿಳಿಯಬೇಕಾದರೆ ನೆಲವನ್ನು ಅಗೆಯಬೇಕು. ನೆಲವನ್ನು ಅಗೆದರೆ ಪರಿಸರಕ್ಕೆ ಧಕ್ಕೆಯಾಗುತ್ತದೆ. ಆದಕಾರಣ ಪರಿಸರಕ್ಕೆ ಧಕ್ಕೆಯಾಗಿದೆಯೇ ಎಂದು ನೋಡುವ ಮೊದಲು, ಹಾಗೆ ನೋಡುವುದರಿಂದ ಪರಿಸರಕ್ಕೆ ಧಕ್ಕೆಯಾಗುತ್ತದೆಯೇ ಎಂದು ನೋಡತಕ್ಕದ್ದು. ಇದು ಕಾನೂನು. ಇದರಲ್ಲಿ ನಗುವಂಥದ್ದೇನೂ ಇಲ್ಲ.

ಹೀಗೆ ನೋಡುವುದಕ್ಕೆ ನಾಲ್ಕು ವರ್ಷ ಹಿಡಿಯುತ್ತಿತ್ತು. ಜನರಿಗೆ ತೊಂದರೆಯಾಗಬಾರದೆಂದು ಪರಿಸರ ಕಚೇರಿಯ ಮೂರನೆಯ ಮಹಡಿಯಲ್ಲಿ ವಿನಾಯಿತಿ ಶಾಖೆ ಎಂಬುದೊಂದನ್ನು ತೆರೆದರು. ಸಣ್ಣಪುಟ್ಟ ತನಿಖೆಗಳಿಗೆ ಈ ನಾಲ್ಕು ವರ್ಷದ ನೋಟದಿಂದ ವಿನಾಯಿತಿ ಕೊಡುವುದು ಶಾಖೆಯ ಕೆಲಸ. ಹದಿನೆಂಟು ವರ್ಷಗಳಲ್ಲಿ ಶಾಖೆ ಇನ್ನೂರ ಹನ್ನೊಂದು ವಿನಾಯಿತಿಗಳನ್ನು ಕೊಟ್ಟಿತ್ತು. ಅವುಗಳ ದೆಸೆಯಿಂದ ಎಲ್ಲಿಯೂ ಒಂದೇ ಒಂದು ಕುಳಿ ಬಿದ್ದಿರಲಿಲ್ಲ. ಪರಿಸರಕ್ಕೆ ಇಷ್ಟು ಕಡಿಮೆ ಧಕ್ಕೆ ಮಾಡಿದ ಶಾಖೆ ಇನ್ನೊಂದಿಲ್ಲವೆಂದು ಮೇಲಿನವರು ಎರಡು ಸಲ ಪ್ರಶಂಸಾ ಪತ್ರ ಕಳಿಸಿದ್ದರು. ಒಂದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಇನ್ನೊಂದನ್ನು ಕಿಟಕಿಯ ಒಡೆದ ಗಾಜಿಗೆ ಅಂಟಿಸಿದ್ದರು.

ಕುಳಿ ಬೀಳದಿದ್ದುದಕ್ಕೆ ಕಾರಣ ನಿಯಮ ಹದಿನಾಲ್ಕು. ಅದರ ಪ್ರಕಾರ, ನೆಲ ಕಲುಷಿತವಾಗಿದ್ದರೆ ಅಗೆತದಿಂದ ವಿಷ ಹರಡುವ ಸಂಭವವಿರುವುದರಿಂದ ವಿನಾಯಿತಿ ಕೊಡುವಂತಿಲ್ಲ. ನೆಲ ಕಲುಷಿತವಾಗಿಲ್ಲದಿದ್ದರೆ ವಿನಾಯಿತಿ ಕೊಡಬಹುದು, ಆದರೆ ಆಗ ಅಗೆದು ನೋಡುವ ಅಗತ್ಯವೇ ಇರುವುದಿಲ್ಲ. ಹೀಗಾಗಿ ವಿನಾಯಿತಿ ಪಡೆದವರೆಲ್ಲ ಅದನ್ನು ಜೋಪಾನವಾಗಿ ಮನೆಗೆ ಒಯ್ಯುತ್ತಿದ್ದರು, ಗುದ್ದಲಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಈ ಶಾಖೆಯ ಗುಮಾಸ್ತೆಯನ್ನು ಎಲ್ಲರೂ ಟ್ಯಾಗಮ್ಮ ಎಂದು ಕರೆಯುತ್ತಿದ್ದರು. ಹಾಳೆಗಳಿಗೆ ತೂತು ಹೊಡೆದು, ಹಸಿರು ಟ್ಯಾಗು ಪೋಣಿಸಿ, ಕಡತ ಕಟ್ಟಿ ಕಟ್ಟಿ ಆಕೆಯ ಬೆರಳುಗಳು ನಿದ್ದೆಯಲ್ಲೂ ಗಂಟು ಹಾಕುತ್ತಿದ್ದವು. ನಿವೃತ್ತಿಗೆ ಎರಡು ವರ್ಷವಿತ್ತು. ಕಚೇರಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ, ಒಬ್ಬಳೇ ವಾಸ. ಇನ್ನೂರ ಹನ್ನೊಂದು ವಿನಾಯಿತಿಗಳನ್ನೂ ಆಕೆಯೇ ಬರೆದದ್ದು. ಅವುಗಳಲ್ಲಿ ಯಾವುದಾದರೂ ಯಾರಿಗಾದರೂ ಉಪಯೋಗಕ್ಕೆ ಬಂತೇ ಎಂಬ ಪ್ರಶ್ನೆ ಟ್ಯಾಗಮ್ಮನಿಗೆ ಒಂದು ದಿನವೂ ಬಂದದ್ದಿಲ್ಲ. ಮೊದಲ ಸಲ ಬಂದದ್ದು ಅಕ್ಕನ ಬಾವಿಯ ಕಟ್ಟೆಯ ಮೇಲೆ ಕೂತಾಗ.

ಅಕ್ಕನ ಮನೆ ಊರಾಚೆ, ವಿಮಾನ ನಿಲ್ದಾಣದ ಹಿಂಗೋಡೆಗೆ ಒರಗಿಕೊಂಡಂತೆ ಇತ್ತು. ಗೋಡೆಯ ಆ ಕಡೆ ಅಗ್ನಿಶಾಮಕದವರ ತಾಲೀಮು ಮೈದಾನ. ಇಪ್ಪತ್ತೇಳು ವರ್ಷಗಳಿಂದ ಪ್ರತಿ ಬುಧವಾರ ಅಲ್ಲಿ ರೆಕ್ಕೆಯಿಲ್ಲದ ಒಂದು ಹಳೆಯ ವಿಮಾನಕ್ಕೆ ಬೆಂಕಿ ಹಚ್ಚಿ, ಬಿಳಿಯ ನೊರೆ ಹೊಡೆದು ಆರಿಸುತ್ತಿದ್ದರು. ಸುಟ್ಟು ಸುಟ್ಟು ವಿಮಾನದ ಪಕ್ಕೆಲುಬು ಮಾತ್ರ ಉಳಿದಿತ್ತು. ಅಷ್ಟು ವರ್ಷದ ನೊರೆ ಎಲ್ಲಿಗೆ ಹೋಯಿತೆಂದು ಯಾರೂ ಕೇಳಿರಲಿಲ್ಲ. ತನ್ನ ಬಾವಿಗೆ ಬಂತೆಂದು ಅಕ್ಕನ ಅನುಮಾನ.

ಭಾವನಿಗೆ ಅನುಮಾನವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಅವರು ಮನೆಯ ಮುಂದೆ ಕಾರು ತೊಳೆಯುವ ವಾಟರ್ ಸರ್ವಿಸ್ ಇಟ್ಟಿದ್ದರು. ಬಾವಿಯ ನೀರನ್ನು ಪೈಪಿನಲ್ಲಿ ಜೋರಾಗಿ ಬಿಟ್ಟರೆ ಸೋಪಿಲ್ಲದೆ ನೊರೆ ಏಳುತ್ತಿತ್ತು. ಮೂರು ವರ್ಷದಿಂದ ಅವರು ಸೋಪು ಕೊಂಡಿರಲಿಲ್ಲ. "ಭೂಮಿತಾಯಿ ಕೊಟ್ಟಿದ್ದು, ಬೇಡ ಅನ್ನೋಕೆ ನಾವ್ಯಾರು?" ಎನ್ನುತ್ತಿದ್ದರು.

"ನೋಡು, ಕಣ್ಣಾರೆ ನೋಡು," ಎಂದು ಅಕ್ಕ ಕೊಡದಿಂದ ಪಾತ್ರೆಗೆ ನೀರು ಸುರಿದಳು. ನೊರೆ ಉಕ್ಕಿ ಅಂಚಿಗೆ ಬಂತು. "ಆಗ ತಾನೇ ಕರೆದ ಹಾಲಿನ ಹಾಗೆ! ಇದನ್ನ ಏಳು ತಿಂಗಳ ಬಸುರಿ ಕುಡೀಬಹುದಾ ಇಲ್ವಾ? ಇಷ್ಟು ವರ್ಷ ಅದೇ ಆಫೀಸಲ್ಲಿ ಕೂತಿದ್ದೀಯಲ್ಲ, ಒಂದು ಮಾತು ಬರೆಸ್ಕೊಂಡು ಬಾರೇ. ಕುಡೀಬಹುದು ಅಂದ್ರೆ ಕುಡೀತೀವಿ. ಬೇಡ ಅಂದ್ರೆ ಬೀದಿ ನಲ್ಲಿಗೆ ಹೋಗಿ ಸಾಲಲ್ಲಿ ನಿಲ್ತೀವಿ."

ಬಸುರಿ ಎಂದರೆ ಅಕ್ಕನ ಮಗಳು. ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನಾದ್ದರಿಂದ ತಾಯಿಯ ಮನೆಯಲ್ಲೇ ಇದ್ದಳು. ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಹೊಟ್ಟೆ ಸವರಿಕೊಂಡಳು.

"ಚಿಂತೆ ಮಾಡ್ಬೇಡಿ ಚಿಕ್ಕಮ್ಮ, ನನ್ನ ಮಗು ಒಳಗೇ ಸ್ನಾನ ಮುಗಿಸ್ಕೊಂಡು ಬರುತ್ತೆ."

"ಬಾಯಿ ಮುಚ್ಚೇ," ಎಂದಳು ಅಕ್ಕ. "ಲ್ಯಾಬಿಗೆ ಕೊಟ್ಟಿದ್ವಿ ಕಣೇ. ಉಪ್ಪು ಸರಿಯಿದೆ, ವಾಸನೆ ಸರಿಯಿದೆ, ಬಣ್ಣ ಸರಿಯಿದೆ ಅಂತ ಬರೆದ್ರು. ನೊರೆ ಯಾಕೆ ಅಂದ್ರೆ, ನೊರೆ ನಮ್ಮ ಪಟ್ಟೀಲಿ ಇಲ್ಲ, ಪಕ್ಕದ ನೆಲದಲ್ಲಿ ಏನಿದೆ ಅಂತ ತನಿಖೆ ಆಗಿ ಬಂದ್ರೆ ಅದನ್ನ ಹುಡುಕ್ತೀವಿ ಅಂದ್ರು."

"ತನಿಖೆ ಆಗ್ಬೇಕಾದ್ರೆ ಅಗೀಬೇಕು, ಅಗೀಬೇಕಾದ್ರೆ ವಿನಾಯಿತಿ ಬೇಕು," ಎಂದು ಟ್ಯಾಗಮ್ಮ ನಿಯಮ ಹದಿನಾಲ್ಕನ್ನು ಬಿಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ಆಕೆಯ ದನಿ ತಗ್ಗಿತು. ಕಚೇರಿಯಲ್ಲಿ ನೆಟ್ಟಗೆ ನಿಲ್ಲುತ್ತಿದ್ದ ಆ ನಿಯಮ ಬಾವಿಕಟ್ಟೆಯ ಮೇಲೆ ಯಾಕೋ ಕುಂಟುತ್ತಿತ್ತು.

"ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ," ಎಂದಳು ಅಕ್ಕ. "ಇದನ್ನ ಬರೆಯೋಕೆ ನಿನಗೆ ಸಂಬಳ ಬೇರೆ!"

ಮರುದಿನವೇ ಟ್ಯಾಗಮ್ಮ ಕಡತ ತೆರೆದಳು. ವಿಷಯ: ವಿಮಾನ ನಿಲ್ದಾಣದ ತಾಲೀಮು ಮೈದಾನದಲ್ಲಿ ಗೇಣಗಲದ ಏಳು ಕುಳಿ ತೋಡುವ ಬಗ್ಗೆ.

ಶಾಖೆಯ ಮುಖ್ಯಸ್ಥರಾದ ಸಾಹೇಬರು ಕಡತ ಓದಿ ಬಹಳ ಸಂತೋಷಪಟ್ಟರು. ವಿಮಾನ ನಿಲ್ದಾಣ ಎಂಬ ಪದವಿದ್ದ ಕಡತಕ್ಕೆ ಸ್ಥಳ ಪರಿಶೀಲನೆ ಕಡ್ಡಾಯವೆಂದು ಅವರು ನಂಬಿದ್ದರು. ಅಲ್ಲಿನ ಲಾಂಜಿನಲ್ಲಿ ಕೂತರೆ ಸೊಂಟದವರೆಗೆ ಹೂತುಹೋಗುವ ಕುರ್ಚಿಗಳಿದ್ದವು, ಕೇಳಿದಷ್ಟು ಕಾಫಿ ಬಿಸ್ಕತ್ತು ಸಿಗುತ್ತಿತ್ತು, ಇಡೀ ಮೈದಾನ ಕಾಣುವಷ್ಟು ದೊಡ್ಡ ಗಾಜಿನ ಕಿಟಕಿಯಿತ್ತು. ಶಾಖೆಯವರ ಸ್ಥಳ ಪರಿಶೀಲನೆಗಳೆಲ್ಲ ಆ ಕಿಟಕಿಯಿಂದಲೇ ನಡೆಯುತ್ತ ಬಂದಿದ್ದವು.

ಗೊತ್ತಾದ ದಿನ ಸಾಹೇಬರು, ಶಾಖೆಯ ಇಂಜಿನಿಯರು, ಕಡತ ಹೊತ್ತ ಟ್ಯಾಗಮ್ಮ, ಮೂವರೂ ಹೋದರು. ಇಂಜಿನಿಯರು ಅಂದು ಹೊಸ ಬೂಟು ಹಾಕಿದ್ದರು. ಕಚೇರಿಯಿಂದ ಐದು ವರ್ಷಕ್ಕೊಂದು ಜೊತೆ ಬೂಟು ಕೊಡುವ ಪದ್ಧತಿ. ಇವರದು ಎರಡು ವರ್ಷ ತಡವಾಗಿ ಬಂದಿತ್ತು. ಮೆಟ್ಟಿಲು ಹತ್ತುವಾಗಲೂ ಅವರು ಬೂಟನ್ನೇ ನೋಡಿಕೊಳ್ಳುತ್ತಿದ್ದರು.

ನಿಲ್ದಾಣದ ಮ್ಯಾನೇಜರು ಬಾಗಿಲಲ್ಲೇ ಕೈಕುಲುಕಿ ಕೂರಿಸಿದರು.

"ನೋಡಿ ಸಾರ್, ಎಷ್ಟು ಹಸಿರಾಗಿದೆ! ವಿಷ ಇದ್ದಿದ್ರೆ ಹುಲ್ಲು ಬರ್ತಿತ್ತಾ?"

"ಹುಲ್ಲು ಎಲ್ಲಿದೆ?" ಎಂದು ಟ್ಯಾಗಮ್ಮ ಕೇಳಿದಳು.

"ಆ ಕಡೆ, ರನ್‌ವೇ ಪಕ್ಕ. ಮೈದಾನದಲ್ಲಿ ಬರಲ್ಲ, ಅಲ್ಲಿ ಬೆಂಕಿ ಹಚ್ತೀವಲ್ಲ."

ಮ್ಯಾನೇಜರಿಗೂ ವಿನಾಯಿತಿ ಬೇಕಾಗಿತ್ತು. ತಾಲೀಮನ್ನು ಬೇರೆ ಕಡೆ ಸಾಗಿಸಿ, ಆ ಮೈದಾನದಲ್ಲಿ ಅತ್ತರಿನ ಅಂಗಡಿಗಳ ದೊಡ್ಡ ಸಾಲು ಕಟ್ಟುವ ಯೋಜನೆ ಅವರದು. ನೆಲ ಶುದ್ಧವೆನ್ನಲು ವಿನಾಯಿತಿ ಪತ್ರವೊಂದಿದ್ದರೆ ಸಾಕು, ಕುಳಿ ಬೇಡವಾಗಿತ್ತು. ಸಾಹೇಬರಿಗೂ ಕುಳಿ ಬೇಡವಾಗಿತ್ತು, ಹದಿನೆಂಟು ವರ್ಷದ ದಾಖಲೆ ಹಾಳಾಗುತ್ತಿತ್ತು. ಆ ಕೋಣೆಯಲ್ಲಿ ಕುಳಿ ಬೇಕಾಗಿದ್ದದ್ದು ಟ್ಯಾಗಮ್ಮನಿಗೆ ಒಬ್ಬಳಿಗೇ. ಆಕೆ ಪರಿಶೀಲನಾ ನಮೂನೆಯನ್ನು ಮುಂದೆ ಸರಿಸಿದಳು.

"ಸಾರ್, ಒಂಬತ್ತನೇ ಕಾಲಂ ಖಾಲಿ ಇದೆ."

ಒಂಬತ್ತನೆಯ ಕಾಲಂ ಹೀಗಿತ್ತು: 'ಪರಿಶೀಲನಾಧಿಕಾರಿಯ ಪಾದವು ಸ್ಥಳವನ್ನು ಸ್ಪರ್ಶಿಸಿದೆಯೇ? ಹೌದು ಅಥವಾ ಇಲ್ಲ ಎಂದು ತಿಳಿಸುವುದು.'

"ಯಾವಾಗ್ಲೂ ಏನ್ ಬರೀತಿದ್ರಿ?" ಸಾಹೇಬರು ಬಿಸ್ಕತ್ತು ಅದ್ದುತ್ತ ಕೇಳಿದರು.

"ಹೌದು ಅಂತ ಸಾರ್. ಆದ್ರೆ ಈ ಸಲ ನಮೂನೆ ಹೊಸದು. ಎಷ್ಟು ಹೆಜ್ಜೆ ಅಂತಾನೂ ಕೇಳಿದಾರೆ."

ಸಾಹೇಬರು ಇಂಜಿನಿಯರನ್ನು ನೋಡಿದರು. ಇಂಜಿನಿಯರು ತಮ್ಮ ಬೂಟನ್ನು ನೋಡಿಕೊಂಡರು. ಬೇಡುವ ದನಿಯಲ್ಲಿ "ಚಪ್ಪಲಿ ಇದ್ರೆ..." ಎಂದು ಶುರುಮಾಡಿ, ಯಾರೂ ಕೊಡದಿದ್ದುದರಿಂದ ಎದ್ದು ಹೋದರು. ಹಿಂದಿನ ದಿನ ಬುಧವಾರವಾಗಿತ್ತು. ಕಿಟಕಿಯಿಂದ ಎಲ್ಲರೂ ನೋಡುತ್ತಿದ್ದಂತೆ ಅವರು ಒಣಗಿದ ಕಡೆ ಏಳು ಹೆಜ್ಜೆ ಇಟ್ಟರು, ಎಂಟನೆಯ ಹೆಜ್ಜೆಗೆ ಕಣಕಾಲಿನವರೆಗೆ ಹೂತರು. ಎಡಗಾಲು ಕಿತ್ತುಕೊಳ್ಳಲು ಬಲಗಾಲು ಊರಿ ಅದನ್ನೂ ಹೂತುಕೊಂಡರು.

ಅವರು ಲಾಂಜಿನ ಬಾಗಿಲಿಗೆ ಬಂದಾಗ ಎರಡು ಬೂಟಿಗೂ ಒಂದೊಂದು ಹಿಡಿ ಕಪ್ಪು ಮಣ್ಣು ಮೆತ್ತಿತ್ತು, ಅದರ ಮೇಲೆ ಸಣ್ಣಸಣ್ಣ ನೊರೆಗುಳ್ಳೆಗಳು ಒಡೆಯುತ್ತಿದ್ದವು.

"ಅಯ್ಯಯ್ಯೋ, ಕಾರ್ಪೆಟ್ಟು!" ಎಂದರು ಮ್ಯಾನೇಜರು.

"ನಿಲ್ರೀ ಅಲ್ಲೇ!" ಎಂದು ಸಾಹೇಬರು ಕುರ್ಚಿಯಿಂದ ಎದ್ದರು, ಅದು ಸುಲಭದ ಕೆಲಸವಾಗಿರಲಿಲ್ಲ. "ಮಣ್ಣು ತಂದ್ರಲ್ರೀ!"

"ನಾನು ತರ್ಲಿಲ್ಲ ಸಾರ್, ಅದೇ ಬಂತು."

"ವಿನಾಯಿತಿ ಇಲ್ಲದೆ ಆ ನೆಲದಿಂದ ಒಂದು ಚಮಚ ಮಣ್ಣು ತೆಗೆದ್ರೂ ಅಗೆತ ಅಂತ ನಿಮಗೆ ಗೊತ್ತಿಲ್ವಾ?"

"ಹಾಗಾದ್ರೆ ವಾಪಸ್ ಹೋಗಿ ಒದರಿಬಿಡ್ಲಾ ಸಾರ್?"

"ಒದರಿದ್ರೆ ಅದು ತ್ಯಾಜ್ಯ ಸುರಿದ ಹಾಗೆ! ಅದಕ್ಕೆ ಬೇರೆ ಇಲಾಖೆ ಇದೆ."

ಮಣ್ಣನ್ನು ಇಟ್ಟುಕೊಳ್ಳುವಂತಿರಲಿಲ್ಲ, ಬಿಡುವಂತಿರಲಿಲ್ಲ. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಸಾಹೇಬರು ಹತ್ತು ನಿಮಿಷ ಯೋಚಿಸಿ, ಇನ್ನೊಂದು ಕಾಫಿ ಕುಡಿದು, ಮೂವತ್ತು ವರ್ಷದ ಸೇವೆಯಲ್ಲಿ ಕಲಿತದ್ದನ್ನೇ ಮಾಡಿದರು. ಏನು ಮಾಡಬೇಕೆಂದು ತಿಳಿಯದ ವಸ್ತುವನ್ನು ಕಡತಕ್ಕೆ ಲಗತ್ತಿಸುವುದು ಅವರ ಪದ್ಧತಿ.

"ಬೂಟನ್ನ ಕಡತಕ್ಕೆ ಲಗತ್ತಿಸಿ," ಎಂದು ಅಪ್ಪಣೆ ಮಾಡಿದರು.

ಇಂಜಿನಿಯರು ಕಾಲುಚೀಲದಲ್ಲಿ ಮನೆಗೆ ಹೋದರು.

ಕಚೇರಿಯಲ್ಲಿ ಟ್ಯಾಗಮ್ಮ ಬೂಟುಗಳನ್ನು ಮೇಜಿನ ಮೇಲಿಟ್ಟುಕೊಂಡು ಹಸಿರು ಟ್ಯಾಗು ತೆಗೆದಳು. ತೂತು ಹೊಡೆಯುವ ಅಗತ್ಯವೇ ಬೀಳಲಿಲ್ಲ. ಲೇಸಿನ ತೂತುಗಳು ಸಾಲಾಗಿದ್ದವು. ಎಡದ್ದಕ್ಕೆ ಲಗತ್ತು ಒಂದು, ಬಲದ್ದಕ್ಕೆ ಲಗತ್ತು ಎರಡು ಎಂದು ಚೀಟಿ ಬರೆದು, ಕಡತ ಸಮೇತ ನಾಲ್ಕನೆಯ ನಂಬರಿನ ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟಳು.

ಮೂರು ದಿನ ಬೀರುವಿನ ಮುಂದೆ ಓಡಾಡಿದ ಮೇಲೆ ಆಕೆಗೆ ನಿಯಮ ಮೂವತ್ತೊಂದು ನೆನಪಾಯಿತು: 'ಕಡತಕ್ಕೆ ಲಗತ್ತಾದ ಯಾವುದೇ ವಸ್ತುವನ್ನು ಕಾಗದವೆಂದು ಭಾವಿಸತಕ್ಕದ್ದು.' ಹಿಂದೊಮ್ಮೆ ಯಾರೋ ಸತ್ತ ಮೀನನ್ನು ದೂರಿನ ಜೊತೆ ಕಳಿಸಿದಾಗ ಮಾಡಿದ ನಿಯಮ ಅದು. ಟ್ಯಾಗಮ್ಮ ಲೆಕ್ಕ ಹಾಕಿದಳು. ಬೂಟು ಕಾಗದವಾದರೆ ಅದು ನೆಲವಲ್ಲ. ನೆಲವಲ್ಲದಿದ್ದರೆ ಪರೀಕ್ಷಿಸಲು ಯಾವ ವಿನಾಯಿತಿಯೂ ಬೇಕಿಲ್ಲ. ಕಾಗದದ ಮೇಲೆ ಕಲೆ ಬಿದ್ದಿದ್ದರೆ ಅದು ಯಾವುದರ ಕಲೆ ಎಂದು ಲ್ಯಾಬಿಗೆ ಕೇಳುವುದು ಗುಮಾಸ್ತೆಯ ಮಾಮೂಲು ಕೆಲಸ.

ಪತ್ರ ಬರೆದು ಸಾಹೇಬರ ಮುಂದಿಟ್ಟಳು. 'ಮೇಲ್ಕಂಡ ಕಡತದ ಲಗತ್ತು ಒಂದು ಮತ್ತು ಎರಡರ ಮೇಲೆ ಬಿದ್ದಿರುವ ಕಲೆಯು ಯಾವ ಪದಾರ್ಥದ್ದು, ಎಷ್ಟು ಪ್ರಮಾಣದ್ದು ಎಂದು ತಿಳಿಸಲು ಕೋರಿದೆ.'

"ಇದ್ರಲ್ಲಿ ಅಗೆತ ಏನೂ ಇಲ್ಲ ತಾನೆ?"

"ಗುದ್ದಲಿ ಅನ್ನೋ ಪದಾನೇ ಇಲ್ಲ ಸಾರ್."

ಸಾಹೇಬರು ಸಹಿ ಹಾಕಿದರು.

ಬೂಟುಗಳನ್ನು ಚೀಲಕ್ಕೆ ಹಾಕಿಕೊಂಡು ಟ್ಯಾಗಮ್ಮ ತಾನೇ ಲ್ಯಾಬಿಗೆ ಹೋದಳು. ಕಿಂಡಿಯ ಹಿಂದಿನ ಹೆಂಗಸು ಕನ್ನಡಕ ಏರಿಸಿ ನೋಡಿದಳು.

"ಏನಮ್ಮ ಇದು?"

"ಕಾಗದ."

"ಇದು ಬೂಟಲ್ವಾ?"

"ನಿಯಮ ಮೂವತ್ತೊಂದರ ಪ್ರಕಾರ ಕಾಗದ."

"ಯಾವ ಸೈಜು?"

"ಎಂಟು."

ಆ ಹೆಂಗಸು 'ಕಾಗದ, ಎರಡು, ಸೈಜು ಎಂಟು' ಎಂದು ಬರೆದುಕೊಂಡು ರಸೀತಿ ಹರಿದುಕೊಟ್ಟಳು.

ಐದು ವಾರ ಕಳೆಯಿತು. ಅಕ್ಕ ದಿನಾ ಫೋನು ಮಾಡುತ್ತಿದ್ದಳು. "ಏನಾಯ್ತೇ? ಇವಳು ಎಂಟು ತುಂಬಿ ಒಂಬತ್ತಕ್ಕೆ ಬಿದ್ದಳು. ಬೀದಿ ನಲ್ಲೀಲಿ ದಿನ ಬಿಟ್ಟು ದಿನ ಒಂದು ಗಂಟೆ ನೀರು. ಮಿಕ್ಕಿದ್ದಕ್ಕೆಲ್ಲ ಬಾವೀನೇ ಗತಿ." ಟ್ಯಾಗಮ್ಮ, "ಕಾಗದ ಲ್ಯಾಬಲ್ಲಿದೆ ಅಕ್ಕ," ಎನ್ನುತ್ತಿದ್ದಳು. ಇಂಜಿನಿಯರೂ ದಿನಾ ಬಂದು ಕೇಳುತ್ತಿದ್ದರು. ಹಳೆಯ ಬೂಟು ಹರಿದುಹೋಯಿತೆಂದು ದಾಖಲಾಗದ ಹೊರತು ಹೊಸದು ಸಿಗುವಂತಿರಲಿಲ್ಲ. ಅವರದು ಹರಿದಿರಲಿಲ್ಲ, ಕಾಗದವಾಗಿತ್ತು.

ಕೊನೆಗೆ ವರದಿ ಬಂತು. ಅಗ್ನಿಶಾಮಕ ನೊರೆಯ ವಿಷ, ಎಡ ಬೂಟಿನಲ್ಲಿ ಮಿತಿಗಿಂತ ಮುನ್ನೂರು ಪಟ್ಟು, ಬಲ ಬೂಟಿನಲ್ಲಿ ಇನ್ನೂರೆಂಬತ್ತು ಪಟ್ಟು. ಹೊಟ್ಟೆಗೆ ಹೋದರೆ, ಅದರಲ್ಲೂ ಬಸುರಿಯರ ಹೊಟ್ಟೆಗೆ ಹೋದರೆ, ಹಾನಿಕರ.

ಟ್ಯಾಗಮ್ಮ ವರದಿಯನ್ನು ಎದೆಗೊತ್ತಿಕೊಂಡು ಸಾಹೇಬರ ಕೋಣೆಗೆ ಹೆಚ್ಚುಕಡಿಮೆ ಓಡಿದಳು. ಅಲ್ಲಿ ಅತ್ತರಿನ ಅಂಗಡಿಗಳ ನಕ್ಷೆ ಹರಡಿಕೊಂಡು ಮ್ಯಾನೇಜರೂ ಕೂತಿದ್ದರು. ಸಾಹೇಬರು ವರದಿಯನ್ನು ಎರಡು ಸಲ ಓದಿದರು. ಅವರ ಮುಖ ಗಂಭೀರವಾಯಿತು.

"ಬಹಳ ಗಂಭೀರ ವಿಷಯ. ಮಾಲಿನ್ಯ ಪತ್ತೆಯಾಗಿದೆ. ಎಲ್ಲಿ ಪತ್ತೆಯಾಯ್ತು?"

"ಬೂಟಲ್ಲಿ ಸಾರ್."

"ಬೂಟು ಎಲ್ಲಿತ್ತು?"

"ಬೀರುವಿನಲ್ಲಿ."

"ಬೀರು?"

"ನಮ್ಮ ಶಾಖೇಲಿ ಸಾರ್. ನಾಲ್ಕನೇ ನಂಬರು, ಕೆಳಗಿನ ಅರೆ. ಆದ್ರೆ ಬೂಟಿಗೆ ಮಣ್ಣು ಬಂದಿದ್ದು..."

"ಎಲ್ಲಿಂದ ಬಂತು ಅನ್ನೋದು ಇನ್ನೊಂದು ಪ್ರಶ್ನೆ. ಅದನ್ನ ತಿಳೀಬೇಕಾದ್ರೆ ಆ ನೆಲ ಅಗೀಬೇಕು. ಅಗೀಬೇಕಾದ್ರೆ?"

"ವಿನಾಯಿತಿ ಬೇಕು," ಎಂದಳು ಟ್ಯಾಗಮ್ಮ, ನಾಲಿಗೆ ತಾನಾಗಿ ಹೊರಳಿತು.

"ನೋಡಿ, ನಿಮಗೇ ಎಲ್ಲ ಗೊತ್ತಿದೆ."

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. "ಇನ್ನೊಂದು ಮಾತು ಸಾರ್. ನಮ್ಮ ಮೈದಾನದಲ್ಲಿ ಅಕಸ್ಮಾತ್ ಏನಾದ್ರೂ ಇದ್ದಿದ್ರೂ, ಇಂಜಿನಿಯರು ಅದನ್ನ ಬೂಟಲ್ಲಿ ಹೊತ್ಕೊಂಡು ಬಂದ್ರಲ್ಲ. ಈಗ ನಮ್ಮಲ್ಲಿ ಇಲ್ಲ, ನಿಮ್ಮಲ್ಲಿದೆ."

ಈ ತರ್ಕದಲ್ಲಿ ಬಿರುಕು ಹುಡುಕಲು ಸಾಹೇಬರು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ಸಿಗಲಿಲ್ಲ. ಅಂದು ಸಂಜೆಯೇ ತಾಲೀಮು ಮೈದಾನಕ್ಕೆ ಇನ್ನೂರ ಹನ್ನೆರಡನೆಯ ವಿನಾಯಿತಿ ಸಿಕ್ಕಿತು, ಈ ಕೆಳಗಿನ ಪ್ರಕಟಣೆಯೂ ಹೊರಬಿತ್ತು:

'ಪರಿಸರ ಕಚೇರಿಯ ಮೂರನೆಯ ಮಹಡಿಯ ನಾಲ್ಕನೆಯ ಬೀರುವನ್ನು ಕಲುಷಿತ ಸ್ಥಳವೆಂದು ಈ ಮೂಲಕ ಘೋಷಿಸಲಾಗಿದೆ. ಸದರಿ ಬೀರುವಿನಿಂದ ಅರ್ಧ ಕಿಲೋಮೀಟರು ವ್ಯಾಪ್ತಿಯೊಳಗಿನ ನಲ್ಲಿಗಳಿಗೆ ಬೀಗ ಹಾಕಲಾಗುವುದು. ನಿವಾಸಿಗಳಿಗೆ ಸುರಕ್ಷಿತ ಮೂಲದಿಂದ ಟ್ಯಾಂಕರಿನಲ್ಲಿ ನೀರು ಒದಗಿಸಲಾಗುವುದು. ನೌಕರರ ಆರೋಗ್ಯದ ದೃಷ್ಟಿಯಿಂದ ವಿನಾಯಿತಿ ಶಾಖೆಯು ಮುಂದಿನ ಆದೇಶದವರೆಗೆ ವಿಮಾನ ನಿಲ್ದಾಣದ ಲಾಂಜಿನಲ್ಲಿ ಕಾರ್ಯನಿರ್ವಹಿಸುವುದು. ಬೀರುವಿನ ಕೆಳಗೆ ಅಗೆದು ನೋಡುವ ಬಗ್ಗೆ ವಿನಾಯಿತಿ ಪರಿಶೀಲನೆಯಲ್ಲಿದೆ.'

ಅಕ್ಕನ ಪ್ರಶ್ನೆಗೂ ಉತ್ತರ ಸಿಕ್ಕಿತು. ಸಾಹೇಬರು ಮರೆಯುವವರಲ್ಲ. ಅವರೇ ಹೇಳಿ ಬರೆಸಿದರು, ಟ್ಯಾಗಮ್ಮ ಬರೆದಳು: 'ತಮ್ಮ ಬಾವಿಯು ಪತ್ತೆಯಾದ ಏಕೈಕ ಕಲುಷಿತ ಸ್ಥಳದಿಂದ ಹನ್ನೊಂದು ಕಿಲೋಮೀಟರು ದೂರದಲ್ಲಿರುವುದರಿಂದ ಅದರ ನೀರು ಸುರಕ್ಷಿತವೆಂದು ಪ್ರಮಾಣೀಕರಿಸಲಾಗಿದೆ.'

ಆ ಪ್ರಮಾಣಪತ್ರವನ್ನು ಟ್ಯಾಗಮ್ಮ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅಕ್ಕನ ಮನೆಗೆ ಹೋದಳು. ಹನ್ನೊಂದು ಕಿಲೋಮೀಟರು ದಾರಿಯುದ್ದಕ್ಕೂ ಕೊಡಬೇಕೋ ಹರಿಯಬೇಕೋ ಎಂದು ಯೋಚಿಸಿದಳು. ಹರಿಯಲು ಕೈ ಬರಲಿಲ್ಲ. ಮೂವತ್ತೆಂಟು ವರ್ಷ ಕಾಗದ ಕಾಪಾಡಿದ ಕೈ ಅದು. ಕೊಟ್ಟಳು. ಕೊಟ್ಟು, "ಅಕ್ಕ, ಈ ನೀರು ಕುಡೀಬೇಡಿ," ಎಂದಳು.

"ಕುಡೀಬಹುದು ಅಂತ ಬರೆದಿದೆಯಲ್ಲೇ. ನಿನ್ನ ಅಕ್ಷರಾನೇ ಅಲ್ವಾ?"

"ಅಕ್ಷರ ನಂದು. ಮಾತು ನಂದಲ್ಲ."

"ಏನಮ್ಮ, ಸರ್ಕಾರಿ ಸೀಲು ಬಿದ್ದ ಮೇಲೂ ಸಂಶಯನಾ?" ಎಂದು ಭಾವ ಪ್ರಮಾಣಪತ್ರವನ್ನು ಕಸಿದುಕೊಂಡಂತೆ ತೆಗೆದುಕೊಂಡರು. ಓದುತ್ತಿದ್ದಂತೆ ಅವರ ಮುಖದಲ್ಲಿ ಬೆಳಕು ಏರುತ್ತ ಹೋಯಿತು. "ಅಲ್ಲಾ, ಟ್ಯಾಂಕರಿಗೆ ಸುರಕ್ಷಿತ ಮೂಲ ಬೇಕಂತೆ, ಪ್ರಕಟಣೇಲಿದೆ. ಪ್ರಮಾಣಪತ್ರ ಇರೋ ಬಾವಿ ಇಡೀ ಊರಲ್ಲಿ ಇನ್ಯಾರ ಹತ್ರ ಇದೆ?"

ಟ್ಯಾಗಮ್ಮ ಅವರನ್ನು ದಾಟಿ ನಡೆದಳು. ಮೆಟ್ಟಿಲ ಮೇಲಿದ್ದ ಅಕ್ಕನ ಮಗಳ ಕೈ ಹಿಡಿದೆತ್ತಿದಳು.

"ಏಳು. ನಾಲ್ಕು ಬಟ್ಟೆ ತಗೋ. ಹೆರಿಗೆ ಆಗೋವರೆಗೂ ನಮ್ಮನೇಲಿರು."

"ನಿಮ್ಮನೇಲಿ ನೀರು ಹೇಗೆ ಚಿಕ್ಕಮ್ಮ?"

"ನೊರೆ ಬರಲ್ಲ."

"ಹಾಗಾದ್ರೆ ಸೋಪು ತರ್ತೀನಿ," ಎಂದು ಆಕೆ ಎದ್ದಳು.

ಮರುದಿನ ಬೆಳಿಗ್ಗೆ ಟ್ಯಾಗಮ್ಮನ ಮನೆಯ ನಲ್ಲಿಗೆ ಬೀಗ ಬಿದ್ದಿತ್ತು. ಕಚೇರಿಯಿಂದ ನೂರಿಪ್ಪತ್ತು ಹೆಜ್ಜೆಯಲ್ಲಿದ್ದ ಓಣಿ, ಆ ವ್ಯಾಪ್ತಿಯ ನಟ್ಟನಡುವೆ. ಕಚೇರಿಗೆ ರಜೆ ಹಾಕಿ ಆಕೆ ಬೀಗವನ್ನು ನೋಡುತ್ತ ನಿಂತಿದ್ದಾಗಲೇ ಓಣಿಯ ಬಾಯಲ್ಲಿ ಹಾರನ್ ಕೇಳಿಸಿತು. ಟ್ಯಾಂಕರು ಬಂತು. ಡ್ರೈವರಿನ ಪಕ್ಕ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಭಾವ ಕೂತಿದ್ದರು.

"ಏನಮ್ಮ, ಮನೆ ಬಾಗಿಲಿಗೇ ಬಂದ್ವಿ ನೋಡು! ನನ್ನ ಮಗಳಿಗೆ ಮೊದಲ ಕೊಡ."

ಓಣಿಯವರೆಲ್ಲ ಬಿಂದಿಗೆ ಬಕೆಟ್ಟು ಹಿಡಿದು ಸಾಲು ನಿಂತರು. ಪೈಪು ಬಿಟ್ಟ ಕೂಡಲೇ ನೊರೆ ಉಕ್ಕಿತು.

"ನೋಡ್ರೀ, ಎಷ್ಟು ಶುದ್ಧವಾಗಿದೆ ಅಂದ್ರೆ ತಾನೇ ತೊಳ್ಕೊಳ್ತಿದೆ," ಎಂದರು ಎದುರುಮನೆಯ ನಿವೃತ್ತ ಮೇಷ್ಟ್ರು.

"ಮೇಷ್ಟ್ರೇ, ಕುಡೀಬೇಡಿ. ವಿಷ ಇರೋದು ಇದ್ರಲ್ಲಿ. ನಮ್ಮ ನಲ್ಲೀದು ಚೆನ್ನಾಗೇ ಇದೆ," ಎಂದಳು ಟ್ಯಾಗಮ್ಮ.

"ನಲ್ಲಿಗೆ ಬೀಗ ಹಾಕಿದ್ದು ಯಾವ ಆಫೀಸು?"

"ನಮ್ಮದೇ."

"ಈ ನೀರಿಗೆ ಸರ್ಟಿಫಿಕೇಟ್ ಕೊಟ್ಟಿದ್ದು?"

"ನಮ್ಮದೇ."

"ಮತ್ಯಾಕಮ್ಮ ನಿಮ್ಮ ಆಫೀಸಿನ ಮೇಲೆ ನೀವೇ ಅಪಪ್ರಚಾರ ಮಾಡ್ತೀರಿ? ನಿವೃತ್ತಿ ಹತ್ರ ಬಂದಾಗ ಹೀಗೆಲ್ಲ ಆಗುತ್ತೆ. ನನಗೂ ಆಗಿತ್ತು." ಮೇಷ್ಟ್ರು ಕನಿಕರದಿಂದ ತಮ್ಮ ಬಕೆಟ್ಟು ತುಂಬಿಸಿಕೊಂಡರು.

ಟ್ಯಾಗಮ್ಮ ಒಳಗೆ ಬಂದು ಕೂತಳು. ಹೂಜಿಯಲ್ಲಿ ನಿನ್ನೆಯ ನಲ್ಲಿ ನೀರು ಎರಡು ದಿನಕ್ಕಾಗುವಷ್ಟು ಉಳಿದಿತ್ತು. ಬೀಗ ಮುರಿದರೆ ಜೈಲು. ನಿಜ ಹೇಳಿದರೆ ಕನಿಕರ. ನಿಯಮಗಳ ವಿರುದ್ಧ ಆಕೆ ಒಂದು ದಿನವೂ ಹೋದವಳಲ್ಲ, ಹೋಗುವ ದಾರಿಯೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಕೆಲಸ. ಹಾಳೆ ತೆಗೆದು ಬರೆಯತೊಡಗಿದಳು.

ಮರುದಿನ ಆಕೆ ಹೋದಾಗ ಲಾಂಜಿನಲ್ಲಿ ಶಾಖೆ ಚೆನ್ನಾಗಿ ನೆಲೆಯೂರಿತ್ತು. ಹೂತುಹೋಗುವ ಕುರ್ಚಿಗಳಲ್ಲಿ ಎಲ್ಲರೂ ಕಾಲು ಚಾಚಿದ್ದರು. ಇಂಜಿನಿಯರು ನಿಲ್ದಾಣದವರು ಕೊಟ್ಟ ಮೆತ್ತನೆಯ ಬಿಳಿ ಚಪ್ಪಲಿಯಲ್ಲಿ ಓಡಾಡುತ್ತಿದ್ದರು, ಬೂಟಿನ ನೆನಪೂ ಇದ್ದಂತಿರಲಿಲ್ಲ. ಕಿಟಕಿಯಾಚೆ ಮೈದಾನದಲ್ಲಿ ಅಂಗಡಿಗಳ ಕಂಬಕ್ಕೆ ಯಂತ್ರಗಳು ಭರದಿಂದ ಅಗೆಯುತ್ತಿದ್ದವು. ಅದು ಕಟ್ಟಡದ ಅಗೆತ. ಏನನ್ನೂ ಹುಡುಕಿಕೊಂಡು ಅಗೆಯುತ್ತಿಲ್ಲವಾದ್ದರಿಂದ ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

"ಬನ್ನಿ ಟ್ಯಾಗಮ್ಮ, ಕಾಫಿ ತಗೊಳ್ಳಿ," ಎಂದರು ಸಾಹೇಬರು. ಮೀಸೆಗೆಲ್ಲ ನೊರೆ. "ಪ್ರಮಾಣಪತ್ರ ಇರೋ ನೀರು ಬರೋಕೆ ಶುರುವಾದ ಮೇಲೆ ಕಾಫಿಗೆ ಎಂಥಾ ನೊರೆ ಅಂತೀರಿ! ಎತ್ತಿ ಎತ್ತಿ ಸುರಿಯೋ ಕಷ್ಟಾನೇ ಇಲ್ಲ."

"ಬೇಡ ಸಾರ್, ಹೊಟ್ಟೆ ಸರಿಯಿಲ್ಲ. ಒಂದು ಅರ್ಜಿ ಇತ್ತು."

ಸಾಹೇಬರು ಓದಿದರು. 'ಕಲುಷಿತವೆಂದು ಘೋಷಿತವಾದ ನಲ್ಲಿಯ ನೀರನ್ನು ಮನೆಯ ಗರ್ಭಿಣಿಯೊಬ್ಬರು ಕುಡಿಯಲು ವಿನಾಯಿತಿ ಕೋರಿ.'

"ಏನ್ರೀ ಇದು! ಸುರಕ್ಷಿತ ನೀರು ಮನೆ ಬಾಗಿಲಿಗೆ ಬರ್ತಿರುವಾಗ ಬಸುರಿ ಹೆಂಗಸಿಗೆ ವಿಷದ ನೀರು ಕುಡಿಸ್ತೀರಾ?"

"ಅವಳಿಗೆ ಅದೇ ಒಗ್ಗಿದೆ ಸಾರ್."

"ಇದಕ್ಕೆ ಪರಿಸರ ಪರಿಶೀಲನೆ ಬೇಕಾಗುತ್ತೆ."

"ಬೇಡ ಸಾರ್. ಎರಡನೇ ಪುಟ ನೋಡಿ. ನಿಯಮ ಎರಡು, ವ್ಯಾಖ್ಯೆಗಳು: 'ಪರಿಸರವೆಂದರೆ ನೆಲ, ಜಲ, ಗಾಳಿ, ಮರಗಿಡ, ಪ್ರಾಣಿಪಕ್ಷಿ.' ಮನುಷ್ಯರ ಹೊಟ್ಟೆ ಅದ್ರಲ್ಲಿ ಇಲ್ಲ."

ಸಾಹೇಬರು ಪುಟ ಹೊರಳಿಸಿದರು, ಮತ್ತೆ ಹೊರಳಿಸಿದರು. ನಿಜವಾಗಿಯೂ ಇರಲಿಲ್ಲ. ಅವರ ಕಣ್ಣು ತೇವವಾಯಿತು.

"ಮೂವತ್ತು ವರ್ಷದಲ್ಲಿ ಇಷ್ಟು ಚೊಕ್ಕವಾದ ಅರ್ಜಿ ನೋಡಿಲ್ಲ ಟ್ಯಾಗಮ್ಮ. ಬೇರೆಯವರೆಲ್ಲ ವಿಷ ಇಲ್ಲ ಅಂತ ಸುಳ್ಳು ಹೇಳಿ ವಿನಾಯಿತಿ ಕೇಳ್ತಾರೆ. ನೀವು ಇದೆ ಅಂತ ಒಪ್ಕೊಂಡು ಕೇಳ್ತಿದೀರಿ."

ಇನ್ನೂರ ಹದಿಮೂರನೆಯ ವಿನಾಯಿತಿಗೆ ಸಹಿ ಬಿತ್ತು. ಶಾಖೆಯ ಇತಿಹಾಸದಲ್ಲಿ ಉಪಯೋಗಕ್ಕೆ ಬಂದ ಮೊದಲನೆಯದು. ಮಧ್ಯಾಹ್ನದೊಳಗೆ ಟ್ಯಾಗಮ್ಮನ ನಲ್ಲಿಯ ಬೀಗ ತೆಗೆದು, 'ಕಲುಷಿತ — ವಿನಾಯಿತಿದಾರರಿಗೆ ಮಾತ್ರ' ಎಂಬ ಫಲಕ ಹಾಕಿ ಹೋದರು.

ಸಂಜೆ ಅಕ್ಕನ ಫೋನು ಬಂತು. "ಹೇಗಿದಾಳೆ ಅವಳು? ಇಲ್ಲಿ ನೋಡು ನಮ್ಮ ಗತಿ. ನಿಮ್ಮ ಭಾವ ಬಾವಿ ತಳ ಕಾಣೋವರೆಗೂ ಟ್ಯಾಂಕರಿಗೆ ತುಂಬಿಸ್ತಾರೆ, ಮನೆಗೆ ಒಂದು ಚೊಂಬು ಬಿಡಲ್ಲ. ಊರಿಗೆಲ್ಲ ನಮ್ಮ ನೀರು, ನಮಗೆ ಬೀದಿ ನಲ್ಲಿ ಸಾಲು!"

"ಸಾಲಲ್ಲೇ ನಿಲ್ಲು ಅಕ್ಕ," ಎಂದಳು ಟ್ಯಾಗಮ್ಮ. "ನನ್ನ ಆಣೆ, ಸಾಲಲ್ಲೇ ನಿಲ್ಲು."

ವಾರದ ಕೊನೆಗೆ ಟ್ಯಾಗಮ್ಮ ಅಕ್ಕನ ಮಗಳನ್ನು ಹೆರಿಗೆ ಆಸ್ಪತ್ರೆಗೆ ತೋರಿಸಲು ಕರೆದೊಯ್ದಳು. ಬೆಂಚಿನ ಮೇಲೆ ಓಣಿಯ ಕಡೆಯ ನಾಲ್ಕೈದು ಬಸುರಿಯರು ಟ್ಯಾಂಕರು ನೀರಿನ ಬಾಟಲಿ ಹಿಡಿದು ಕೂತಿದ್ದರು. ನರ್ಸಮ್ಮ ಕಾರ್ಡು ತುಂಬುತ್ತ ಬಂದು ಕೇಳಿದಳು.

"ಕುಡಿಯೋ ನೀರು ಸುರಕ್ಷಿತನಾ, ಅಸುರಕ್ಷಿತನಾ?"

"ಅಸುರಕ್ಷಿತ," ಎಂದಳು ಅಕ್ಕನ ಮಗಳು. "ವಿನಾಯಿತಿ ಇದೆ."

ನರ್ಸಮ್ಮ ಪತ್ರವನ್ನು ಬೆಳಕಿಗೆ ಹಿಡಿದು ನೋಡಿ, ಸೀಲಿನ ಮೇಲೆ ಬೆರಳಾಡಿಸಿ, ಸಂಖ್ಯೆಯನ್ನು ಕಾರ್ಡಿಗೆ ಬರೆದುಕೊಂಡಳು.

"ಸರಿಯಾಗಿದೆ. ದಿನಕ್ಕೆ ಎಂಟು ಲೋಟ ತಪ್ಪದೆ ಕುಡೀರಿ." ಆಮೇಲೆ ಬೆಂಚಿನ ಕಡೆ ತಿರುಗಿ ಬೆರಳೆತ್ತಿ ಎಚ್ಚರಿಸಿದಳು. "ಇವರನ್ನ ನೋಡಿ ನೀವೂ ಶುರು ಮಾಡ್ಕೋಬೇಡಿ, ನಿಮಗ್ಯಾರಿಗೂ ವಿನಾಯಿತಿ ಇಲ್ಲ. ನೀವು ನೊರೆ ಬರೋದನ್ನೇ ಕುಡೀಬೇಕು."

ಬೆಂಚಿನ ಮೇಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಕೊನೆಯಲ್ಲಿ ಕೂತಿದ್ದವಳು ಮಾತ್ರ ಪಕ್ಕಕ್ಕೆ ಸರಿದು, ಆ ವಿನಾಯಿತಿಗೆ ಅರ್ಜಿ ಎಲ್ಲಿ ಸಿಗುತ್ತದೆಂದು ಟ್ಯಾಗಮ್ಮನನ್ನು ಮೆಲ್ಲಗೆ ಕೇಳಿದಳು. ಟ್ಯಾಗಮ್ಮ ಚೀಲದಿಂದ ಒಂದು ಖಾಲಿ ನಮೂನೆ ತೆಗೆದುಕೊಟ್ಟಳು.